ಚೌಡಕ್ಕ ಕಟ್ಟಿದ ಚೀಟಿ

ಈಗ ಯಂತ್ರ ಹಾರಿಬಂದು ಪೈರು ಅಳೆಯುತ್ತೆ. ಆಗೆಲ್ಲ ಕೃಷಿ ಸಂಶೋಧನೆಯ ಹೊಲದಲ್ಲಿ ಕೂಲಿ ಹೆಂಗಸರೇ ಕೋಲು ಹಿಡಿದು ಅಳೆದು, ಬರಕ್ಕೆ ಬಗ್ಗದ ರಾಗಿ ತಳಿ ಹುಡುಕೋರು. ಮಧ್ಯಾಹ್ನ ಹೊಂಗೆಮರದಡಿ ಬುತ್ತಿ ಬಿಚ್ಚೋರು. ಆ ಸುಖಾನೇ ಬೇರೆ.

ಹೊಸದಾಗಿ ಬಂದ ಸಾಹೇಬರು ಅದಕ್ಕೇ ಕಲ್ಲು ಹಾಕಿದರು. "ರಾಗಿ ಬಿಸಿಲಲ್ಲಿ ನಿಂತಿಲ್ವಾ? ನಿಮಗೇನು ದಾಡಿ? ಇನ್ಮೇಲೆ ನೆರಳಿಲ್ಲ."

ಹೆಂಗಸರ ಮುಖ ಸಣ್ಣಗಾಯಿತು. ಚೌಡಕ್ಕ ಮಾತ್ರ ಕೈಮುಗಿದಳು. "ದಿಟ ಸ್ವಾಮಿ. ಕೋಲು ನೀವೇ ಹಿಡ್ಕೊಳ್ಳಿ, ಅಳತೆ ತಪ್ಪಬಾರ್ದು."

ಸಾಹೇಬರು ಬೀಗುತ್ತ ಹಿಡಿದರು. ಚೌಡಕ್ಕ ಒಂದೊಂದು ಗರಿಯನ್ನೂ ಹೆಣ್ಣು ನೋಡಲು ಬಂದ ಬೀಗತಿಯಂತೆ ನಿಧಾನವಾಗಿ ನೋಡಿದಳು. ಸಾಹೇಬರ ಅಂಗಿ ತೊಯ್ದಿತು, ಕುತ್ತಿಗೆ ವಾಲಿತು. ಆಗ ಅವಳು, ಬಾಡಿದ ಗಿಡಕ್ಕೆ ಕಟ್ಟುವ ಕೆಂಪು ಚೀಟಿಯನ್ನು ಮೆಲ್ಲಗೆ ಅವರ ಮಣಿಕಟ್ಟಿಗೆ ಕಟ್ಟಿದಳು.

"ಇದೇನಮ್ಮಾ?"

"ಈ ತಳಿ ಬಿಸಿಲು ತಡೆಯಲ್ಲ ಸ್ವಾಮಿ."

ಸಾಹೇಬರು ಚೀಟಿ ನೋಡಿ ನಕ್ಕುಬಿಟ್ಟರು. "ಹಂಗಾದ್ರೆ ನನ್ನನ್ನ ಮರದಡಿ ನಾಟಿ ಮಾಡ್ರಮ್ಮ. ನೀವೂ ಬನ್ನಿ."