ಗುರುಗಳ ರಕ್ತದೊತ್ತಡ

ಐದು ನಿಮಿಷ ಮಾತಿಲ್ಲದೆ ಕೂರಬೇಕು. ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಬಿಪಿ ನೋಡಬೇಕು. ಬಂದದ್ದು ಎಷ್ಟೇ ಇರಲಿ, ಎರಡನ್ನೂ ಪುಸ್ತಕದಲ್ಲಿ ಬರೆಯಬೇಕು. ಡಾಕ್ಟರು ಹೇಳಿಹೋಗಿದ್ದು ಇಷ್ಟೇ. ಹೊಳೆದಂಡೆಯ ಆ ಆಶ್ರಮದಲ್ಲಿ ಇದನ್ನು ಮುರಿಯದವರೇ ಇರಲಿಲ್ಲ.

ತೋಳಿಗೆ ಪಟ್ಟಿ ಸುತ್ತಿಸಿಕೊಂಡೇ ಗುರುಗಳು ಭಕ್ತರ ಸಂಶಯಗಳಿಗೆ ಉತ್ತರ ಕೊಡುತ್ತಿದ್ದರು. ಶಿಷ್ಯರು ಒಳ್ಳೆಯ ಅಂಕಿ ಬರುವವರೆಗೆ ಬಿಪಿ ಯಂತ್ರದ ಗುಂಡಿ ಒತ್ತಿ, ಅದೊಂದನ್ನೇ ಬರೆದಿಡುತ್ತಿದ್ದರು.

ಆ ವಾರ ಶಿಷ್ಯ ವಾಮದೇವನ ಸರದಿ. ಸೇವೆ ಮಾಡಿ ಮಾಡಿ ಅವನ ಬೆನ್ನು ಸೋತಿತ್ತು. ಅಂದು ಬೆಳಿಗ್ಗೆ ಮೊದಲ ಸಲ ನೂರಾ ಅರವತ್ತೆಂಟು. ಎರಡನೆಯ ಸಲ ನೂರಾ ಅರವತ್ತಾರು.

ಅವನ ಬೆರಳು ಮತ್ತೆ ಗುಂಡಿಯತ್ತ ಹೋಯಿತು.

"ಎಷ್ಟು ಬಂತಯ್ಯ?" ಎಂದರು ಗುರುಗಳು.

"ಸೆಲ್ಲು ವೀಕಾಗಿರಬೇಕು, ಬುದ್ಧಿ."

"ನಿನ್ನೆ ನೂರಾ ಇಪ್ಪತ್ತಾರು ತೋರಿಸ್ತಲ್ಲ, ಆಗ ಸೆಲ್ಲು ಗಟ್ಟಿ ಇತ್ತೇನು?"

ವಾಮದೇವ ಗುಂಡಿಯಿಂದ ಬೆರಳು ತೆಗೆದ.

"ನಿನ್ನೆ ಎಷ್ಟು ಸಲ ನೋಡಿದೆ?"

"ಐದು ಸಲ, ಬುದ್ಧಿ."

"ಮಿಕ್ಕ ನಾಲ್ಕು?"

"ತಮ್ಮ ಹೆಸರಿನ ಕೆಳಗೆ ಅಂಥದ್ದು ಬರೆಯೋಕೆ ಕೈಯೇ ಬರಲಿಲ್ಲ. ಭಕ್ತರೂ ಪುಸ್ತಕ ತಿರುವಿ ನೋಡ್ತಾರೆ. ಇಷ್ಟು ಧ್ಯಾನ ಮಾಡೋರಿಗೂ ಬಿಪಿಯಾ ಅಂತಾರೆ."

ಗುರುಗಳು ಗೋಡೆಗೆ ಒರಗಿದರು.

"ಈ ಪುಸ್ತಕ ನೋಡಿಯೇ ಡಾಕ್ಟರು ಹೋದ ತಿಂಗಳು ಮಾತ್ರೆ ಅರ್ಧ ಮಾಡಿದ್ದು. ಇವತ್ತು ಮಧ್ಯಾಹ್ನ ಬಂದು ಉಳಿದರ್ಧ ನಿಲ್ಲಿಸ್ತಾರೆ. ಆಮೇಲೆ ನಾನೊಂದು ದಿನ ಬಿದ್ದರೆ, ನಿಮ್ಮ ನೂರಾ ಇಪ್ಪತ್ತಾರು ಬಂದು ಎತ್ತುತ್ತೇನು?"

ವಾಮದೇವನ ಕಣ್ಣು ತುಂಬಿತು. ಆದರೂ ಅಭ್ಯಾಸ ಬಿಡಲಿಲ್ಲ.

"ಇನ್ನೊಂದೇ ಒಂದು ಸಲ, ಬುದ್ಧಿ. ತಾವು ಕಣ್ಣು ಮುಚ್ಚಿ ನಿಧಾನಕ್ಕೆ ಉಸಿರು ಬಿಟ್ಟರೆ ಇಳಿಯುತ್ತೆ."

"ನಾನೂ ಮಾತಾಡಿ ಮಾತಾಡಿ ಕೆಡಿಸಿದವನೇ. ಸಾಕು."

ಗುರುಗಳು ಪಟ್ಟಿಯನ್ನು ತಾವೇ ಬಿಚ್ಚಿದರು. ಪುಸ್ತಕ ಎಳೆದುಕೊಂಡು, ಎರಡು ಅಂಕಿಗಳನ್ನೂ ದಪ್ಪಗೆ ಬರೆದರು. ನಿನ್ನೆಯ ಸಾಲಿನ ಮೇಲೆ 'ಇದು ಸುಳ್ಳು' ಎಂದು ಬರೆದರು. ಮೊನ್ನೆಯದರ ಮೇಲೂ ಬರೆದರು. ಪುಟ ತಿರುವಿ, ಅದರ ಹಿಂದಿನವುಗಳ ಮೇಲೂ.

"ಹೊರಗೆ ಜನ ಕಾಯ್ತಿದಾರೆ, ಬುದ್ಧಿ. ಇದನ್ನ ಎಲ್ಲಿ ಬಚ್ಚಿಡಲಿ?"

ಗುರುಗಳು ಪುಸ್ತಕವನ್ನು ಅವನ ಕೈಗಿಟ್ಟರು.

"ಜಗುಲಿ ಮೇಲೆ ಇಟ್ಟು ಬಾ. ತೆರೆದೇ ಇಡು."