ಮೂರನೇ ಮಣೆ

"ನನ್ನನ್ನು ಔಟು ಮಾಡುವವನು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ ಕಣಯ್ಯ," ಎಂದು ಹುಲಿಗೊಂದಿಯ ಪಾಳೆಯಗಾರ ಮುದಿಯಪ್ಪ ನಾಯಕ ತುಂಬಿದ ಒಡ್ಡೋಲಗದಲ್ಲಿ ಮೀಸೆ ತಿರುವಿದ.

ಸುಳ್ಳೇನಲ್ಲ. ಚೆಂಡುಮಣೆ ಆಟದಲ್ಲಿ ದೊರೆ ಔಟಾದದ್ದನ್ನು ಕಂಡವರೇ ಇಲ್ಲ. ಯಾಕೆ ಅಂತೀರಾ, ತಾಳಿ.

ಆಟ ಬಲು ಸುಲಭದ್ದು. ಬಯಲಿನ ನಾಲ್ಕು ಮೂಲೆಗೆ ನಾಲ್ಕು ಹಲಸಿನ ಮಣೆ. ಒಂದು ಮಣೆಯ ಹತ್ತಿರ ನಿಂತು ದೊಣ್ಣೆಯಿಂದ ಚೆಂಡು ಬಾರಿಸಬೇಕು. ಆಮೇಲೆ ಉಳಿದ ಮೂರನ್ನೂ ತುಳಿದು ಹೊರಟಲ್ಲಿಗೇ ಓಡಿ ಬರಬೇಕು. ಬಂದರೆ ಒಂದು ಓಟದ ಲೆಕ್ಕ; ಮಣೆ ತಪ್ಪಿದರೆ ಔಟು, ಆ ಓಟ ಲೆಕ್ಕಕ್ಕಿಲ್ಲ. ಕಾಲು ಬಿದ್ದದ್ದು ಕಾಣಲಿ ಅಂತ ಪ್ರತಿ ಓಟಕ್ಕೂ ಮಣೆಗಳಿಗೆ ಹಸಿ ಸುಣ್ಣ ಬಳಿಯುತ್ತಿದ್ದರು.

ನಮ್ಮ ದೊರೆಗೆ ಹೊಟ್ಟೆ ದೊಡ್ಡದು. ಎರಡು ಮಣೆ ತುಳಿಯುವಷ್ಟರಲ್ಲಿ ಏದುಸಿರು. ಮೂರನೆಯದನ್ನು ಪಕ್ಕಕ್ಕೆ ಬಿಟ್ಟು ನೇರವಾಗಿ ನುಗ್ಗಿಬಿಡುತ್ತಿದ್ದ. ಊರಿಗೆ ಊರೇ ನೋಡುತ್ತಿತ್ತು, ಬಾಯಿ ಬಿಡುತ್ತಿರಲಿಲ್ಲ. ಹಾಗೆ ಬಿಟ್ಟೂ ಬಿಟ್ಟೂ, ತಾನು ಬಿಡುತ್ತೇನೆ ಅನ್ನುವುದೇ ಅವನಿಗೆ ಮರೆತುಹೋಗಿತ್ತು.

ಇದಕ್ಕೆ ಸರಿಯಾಗಿ ಒಂದು ಕಟ್ಟಳೆಯನ್ನೂ ಅವನೇ ಹಿಂದೆ ಮಾಡಿಟ್ಟಿದ್ದ: "ಮಣೆ ತಪ್ಪಿದವನನ್ನು ತೀರ್ಪುಗಾರ ತಾನಾಗಿ ಔಟು ಅನ್ನಕೂಡದು. ಯಾರಾದರೂ ಸರಿ, ಚೆಂಡನ್ನು ಕೈಯಲ್ಲಿ ಹಿಡಿದು, ಆ ಮಣೆಯ ಮೇಲೆ ನಿಂತು, ತುಳಿದನೋ ಇಲ್ಲವೋ ಅಂತ ಕೇಳಬೇಕು. ಎಲ್ಲರೂ ಬಯಲು ಬಿಡುವುದರೊಳಗೆ ಕೇಳಬೇಕು. ಕೇಳದೇ ಹೋದರೆ ಬಿಟ್ಟ ಮಣೆಯೂ ತುಳಿದ ಲೆಕ್ಕವೇ."

ದೊರೆಯನ್ನು ಯಾರು ಕೇಳುತ್ತಾರೆ, ನೀವೇ ಹೇಳಿ.

ಈ ಸಲ ದೊರೆಯ ಕಣ್ಣು ಬಿದ್ದದ್ದು ಮಡಿವಾಳರ ಕಟ್ಟೆಯ ಮೇಲೆ. ಕೆರೆಯ ದಂಡೆಯಲ್ಲಿ ಬಟ್ಟೆ ಒಗೆಯುವ ಕಲ್ಲುಗಳ ಸಾಲು ಅದು. ಅಲ್ಲಿ ತನಗೊಂದು ಜಳಕದ ಮಂಟಪ ಆಗಬೇಕಂತೆ.

"ಅದು ಹೋದರೆ ನಮ್ಮ ಕೇರಿಯವರು ಎಲ್ಲಿ ಒಗೀಬೇಕು ಬುದ್ಧಿ? ಹೊಟ್ಟೆಗೇನು ಮಾಡಬೇಕು?" ಎಂದಳು ಆ ಕೇರಿಯ ಹಿರಿಯಳು ಮಾಚವ್ವ.

"ಆಡಿ ಉಳಿಸಿಕೊಳ್ಳಿ," ಎಂದ ದೊರೆ. "ನಿಮ್ಮ ಹುಡುಗರು, ನಮ್ಮ ಅರಮನೆಯವರು. ಸಮ ಬಂದರೂ ಕಟ್ಟೆ ನಿಮಗೇ. ಸಾಕಾ? ತೀರ್ಪುಗಾರ ನಮ್ಮ ಓಬಳಯ್ಯ."

ಓಬಳಯ್ಯ ಆಸ್ಥಾನದ ಮಾತುಗಾರ. ಬೇರೆಯವರು ಹೇಳಿದರೆ ತಲೆ ಹೋಗುವಂಥದ್ದನ್ನು ಇವನು ಹೇಳಿ ಎಲೆಅಡಿಕೆ ಇಸಕೊಂಡು ಬರುತ್ತಿದ್ದ.

"ಆಗಲಿ ಪ್ರಭು," ಎಂದ ಓಬಳಯ್ಯ. "ಕಟ್ಟಳೆಯಲ್ಲಿ ಒಂದಕ್ಷರವೂ ಆಚೀಚೆ ಆಗದ ಹಾಗೆ ನೋಡಿಕೊಳ್ಳುತ್ತೇನೆ."

ಮಡಿವಾಳರ ಹುಡುಗರು ಜೀವ ಬಿಟ್ಟು ಆಡಿದರು. ಬಟ್ಟೆ ಎತ್ತಿ ಬಡಿದ ರಟ್ಟೆಗಳಲ್ಲವೇ, ಚೆಂಡು ಕೆರೆ ಏರಿಯ ತನಕ ಹೋಗುತ್ತಿತ್ತು. ಕಡೆಯ ಹೊಡೆತಕ್ಕೆ ದೊರೆ ಬಂದು ನಿಂತಾಗ ಎರಡು ಕಡೆಯೂ ಸಮಸಮ.

ದೊರೆ ಬಾರಿಸಿದ. ಒಳ್ಳೆಯ ಹೊಡೆತವೇ, ಇಲ್ಲ ಅನ್ನಬಾರದು. ಓಡಿದ. ಮೊದಲ ಮಣೆ ತುಳಿದ, ಎರಡನೆಯದು ತುಳಿದ, ಮೂರನೆಯದನ್ನು ಎಂದಿನಂತೆ ಬಿಟ್ಟು, ಹೊರಟ ಮಣೆಯ ಮೇಲೆ ಬಂದು ದೊಪ್ಪನೆ ಕುಳಿತ. ಅರಮನೆಯವರು ಜಯಕಾರ ಹಾಕಿದರು. ಮಾಚವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳ ಹುಡುಗನೊಬ್ಬ ಚೆಂಡು ಹಿಡಿದು ಮೂರನೇ ಮಣೆಯ ಕಡೆ ನೋಡಿದ, ಬಯಲಿನ ಅಂಚಿನಲ್ಲಿ ನಿಂತಿದ್ದ ದಳವಾಯಿಯ ಕತ್ತಿಯ ಕಡೆಗೂ ನೋಡಿದ, ಸುಮ್ಮನೆ ನಿಂತ.

ಓಬಳಯ್ಯ ಕೈಕಟ್ಟಿಕೊಂಡು ಆಕಾಶ ನೋಡುತ್ತಿದ್ದ.

"ಏನಯ್ಯ, ಹೇಗಿತ್ತು ನನ್ನ ಓಟ?" ಎಂದ ದೊರೆ. ಓಬಳಯ್ಯ ಹೊಗಳದಿದ್ದರೆ ಅವನಿಗೆ ಗೆದ್ದಂತೆಯೇ ಆಗುತ್ತಿರಲಿಲ್ಲ.

"ತೀರ್ಪುಗಾರ ತಾನಾಗಿ ಬಾಯಿ ಬಿಡಬಾರದಲ್ಲ ಪ್ರಭು."

"ಕೇಳುತ್ತಾ ಇದ್ದೀನಲ್ಲ."

"ಕೈಯಲ್ಲಿ ಚೆಂಡಿಲ್ಲ, ಮಣೆಯ ಹತ್ತಿರವೂ ಇಲ್ಲ. ಕಟ್ಟಳೆ ತಮ್ಮದೇ."

"ಭಾರಿ ಕಟ್ಟಳೆಯವನು ನೀನು," ಎಂದು ನಗುತ್ತಾ ದೊರೆ ಹುಡುಗನ ಕೈಯಿಂದ ಚೆಂಡು ಇಸಕೊಂಡು ಮೊದಲ ಮಣೆಯ ಮೇಲೆ ನಿಂತ. "ಹೇಳು ಈಗ. ತುಳಿದೆನೋ ಇಲ್ಲವೋ?"

"ತುಳಿದಿರಿ ಪ್ರಭು. ಆನೆ ಇಟ್ಟ ಹೆಜ್ಜೆ."

ದೊರೆಯ ಮುಖ ಅರಳಿತು. ಎರಡನೇ ಮಣೆಗೆ ಹೋದ. "ಇದನ್ನು?"

"ತುಳಿದಿರಿ. ಪಾಪ, ಮಣೆಗೆ ಜನ್ಮ ಸಾರ್ಥಕ ಆಯಿತು."

ದೊರೆಯ ಭಾವಮೈದುನ ಚನ್ನಬೈರನಿಗೆ ಅಷ್ಟು ಹೊತ್ತಿಗೆ ವಾಸನೆ ಹೊಡೆಯಿತು. ಓಡಿ ಬಂದು ತೋಳು ಹಿಡಿದ. "ಭಾವ, ಹೊರಡೋಣ ನಡೀರಿ. ಊಟ ಆರಿಹೋಗುತ್ತೆ."

"ಊಟ ಬಿಸಿ ಮಾಡಿಸಬಹುದು ಕಣೋ. ಹೊಗಳಿಕೆ ಆರಿದರೆ ಏನು ಮಾಡಲಿ?" ಎಂದು ತೋಳು ಕೊಡವಿಕೊಂಡು ದೊರೆ ಮೂರನೇ ಮಣೆ ಹತ್ತಿದ. ಚೆಂಡನ್ನು ಎತ್ತಿ ಹಿಡಿದು, ಊರಿಗೆಲ್ಲ ಕೇಳುವ ಹಾಗೆ ಕೂಗಿದ: "ಹೇಳು ಓಬಳಯ್ಯ, ಇದನ್ನು ತುಳಿದೆನೋ ಇಲ್ಲವೋ?"

"ಇಲ್ಲ ಪ್ರಭು. ತಾವು ಔಟು."

ದೊರೆ ಕೆಳಗೆ ನೋಡಿದ. ಸುಣ್ಣದ ಮೇಲೆ ಈಗ ತಾನೇ ಊರಿದ ಎರಡು ಹೆಜ್ಜೆ ಬಿಟ್ಟರೆ ಒಂದು ಗೀರೂ ಇಲ್ಲ. ಮುಖ ಕೆಂಪಾಯಿತು.

"ಮಡಿವಾಳರು ಯಾರೂ ಕೇಳಲಿಲ್ಲವಲ್ಲೋ!"

"ಯಾರಾದರೂ ಸರಿ ಅಂತ ತಮ್ಮ ಮುದ್ರೆ ಬಿದ್ದಿದೆ ಪ್ರಭು," ಎಂದು ಓಬಳಯ್ಯ ತಲೆಬಾಗಿದ. "ದೊರೆಯನ್ನು ಹೀಗೆ ನಿಲ್ಲಿಸಿ ಕೇಳುವ ಎದೆಗಾರಿಕೆ ಈ ಸೀಮೆಯಲ್ಲಿ ಒಬ್ಬರಿಗೇ ಇರೋದು. ಅವರೇ ಕೇಳಿಬಿಟ್ಟರು. ನಾನೇನು ಮಾಡಲಿ?"

ದೊರೆ ಚೆಂಡನ್ನು ನೋಡಿದ, ಮಣೆಯನ್ನು ನೋಡಿದ. ಮೊದಲು ಹೊಟ್ಟೆ ಕುಲುಕಿತು, ಆಮೇಲೆ ನಗು ಬಂತು. ನಕ್ಕೂ ನಕ್ಕೂ ಮಣೆಯ ಪಕ್ಕದ ನೆಲದ ಮೇಲೆಯೇ ಕುಳಿತುಬಿಟ್ಟ.

"ಸಮ ಆಯಿತು ಮಾಚವ್ವ. ಕಟ್ಟೆ ನಿನ್ನದೇ, ಹೋಗು," ಎಂದ. ಮಾಚವ್ವ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ನಿನಗೇನು ಬೇಕೋ ಕಳ್ಳ?" ಎಂದು ದೊರೆ ಓಬಳಯ್ಯನ ಕಡೆ ತಿರುಗಿದ.

"ಊಟಕ್ಕೆ ಕೂರೋದಕ್ಕೆ ಮನೆಯಲ್ಲಿ ಒಂದು ಮಣೆ ಇಲ್ಲ ಪ್ರಭು. ಆದರೆ ದೊರೆಯ ಪಾದ ಬಿದ್ದ ಮಣೆಯ ಮೇಲೆ ನನ್ನಂಥವನು ಕೂತರೆ ಮಹಾಪಾಪ. ಇಷ್ಟು ವರ್ಷ ತಾವು ಆಡಿದರೂ ಪಾದ ಸೋಕದೆ ಉಳಿದಿದ್ದದ್ದು ಈ ಮೂರನೆಯದೊಂದೇ," ಎಂದು ಓಬಳಯ್ಯ ನಿಟ್ಟುಸಿರಿಟ್ಟ. "ಅದನ್ನೂ ಈಗ ತುಳಿದುಬಿಟ್ಟಿರಿ. ಇನ್ನು ಹೊಸದೇ ಮಾಡಿಸಿಕೊಡಬೇಕು."