ಗಾಜಿನ ತೊಟ್ಟಿಯ ಅಲಂಕಾರ

ಹೊಳೆಯ ದಂಡೆಗೆ ಒಂದು ಮಠ. ಮಠದಲ್ಲಿ ಒಬ್ಬರು ಸ್ವಾಮಿಗಳು, ಊರಿಗೆಲ್ಲ ಅಜ್ಜ. ಅಜ್ಜನ ಹತ್ತಿರ ಗುರುಸಿದ್ಧ ಎಂಬ ಶಿಷ್ಯ.

ಗುರುಸಿದ್ಧನ ಕೆಲಸ ಹಿಂದಿನ ಗುರುಗಳ ಗದ್ದಿಗೆಯ ಅಲಂಕಾರ. ಸೋಮವಾರ ಬಂದ ಭಕ್ತರು ಗದ್ದಿಗೆಗೆ ಒಂದು ಸಲ ಕೈ ಮುಗಿದರೆ ಅಲಂಕಾರವನ್ನು ಮೂರು ಸಲ ಹೊಗಳಿ ಹೋಗುತ್ತಿದ್ದರು. ಅವನ ಕೈಯಲ್ಲಿ ಕಲೆ ಇತ್ತು. ತಲೆಯಲ್ಲಿ ಸ್ವಲ್ಪ ಗಾಳಿಯೂ ಸೇರಿತ್ತು, ಸುಳ್ಳೇಕೆ ಹೇಳಬೇಕು.

ಅವನಿಗೆ ಬೇಕಾದದ್ದು ಒಂದೇ, ದೀಕ್ಷೆ. ಅಜ್ಜ ತನ್ನ ಕಿವಿಯಲ್ಲಿ ಮಂತ್ರ ಹೇಳಬೇಕು. ಏಳು ವರ್ಷದಿಂದ ಕೇಳುತ್ತಲೇ ಇದ್ದ.

ಒಂದು ಹುಣ್ಣಿಮೆಯ ದಿನ ಮತ್ತೆ ಕೇಳಿದ.

"ಅಜ್ಜಾರ, ನನ್ನ ದೀಕ್ಷಾ ಯಾವಾಗ್ರಿ?"

ಅಜ್ಜ ರೊಟ್ಟಿ ಮುರಿಯುತ್ತಿದ್ದರು.

"ಸಿಂಪಿಗೇರ ನಿಂಗಬಸಪ್ಪನ ಮನಿ ಗೊತ್ತೈತಲ್ಲ?"

"ಗೊತ್ತೈತ್ರಿ."

"ಅವನ ಹೇಣ್ತಿ ನೀಲವ್ವಗ ಬೆನ್ನಿನ ಆಪರೇಷನ್ ಆಗೇತಿ. ಎರಡು ತಿಂಗಳಾತು, ಒಂದ ಮಗ್ಗಲಿಗೆ ಮಲಗ್ಯಾಳ. ಹೊಳ್ಳಾಕ ಬರಂಗಿಲ್ಲ. ಕಣ್ಣ ತೆಗದ್ರ ಗ್ವಾಡಿ, ಮುಚ್ಚಿದ್ರ ಕತ್ತಲಿ. ಅಕೀ ನೋಡ್ಲಿ ಅಂತ ನಿಂಗಬಸಪ್ಪ ಗಾಜಿನ ತೊಟ್ಟಿ ತಂದಾನ, ಎರಡು ಬಂಗಾರದ ಮೀನ ತಂದಾನ. ಹೆಂಗ ಹೊಂದಸಬೇಕು ತಿಳೀವಲ್ದು ಅಂತ ಬಕೆಟ್ಟಿನ್ಯಾಗ ಬಿಟ್ಟಾನ. ಹೋಗಿ ಹೊಂದಿಸಿ ಕೊಡು."

"ಆತ್ರಿ. ಮತ್ತ ದೀಕ್ಷಾ?"

"ಮುಂದಿನ ಹುಣ್ಣಿಮಿಗೆ ಎರಡೂ ಮೀನ ಜೀವಂತ ಇದ್ರ, ಅವತ್ತ ನಿನ್ನ ದೀಕ್ಷಾ."

ಗುರುಸಿದ್ಧನಿಗೆ ನಗು ಬಂತು. ಏಳು ವರ್ಷ ಕಾದದ್ದು ಇಷ್ಟು ಸುಲಭದ ಕೆಲಸಕ್ಕೇ?

ಅವನು ಗದ್ದಿಗೆಗೆ ಮಾಡಿದ ಹಾಗೆಯೇ ತೊಟ್ಟಿಗೂ ಮಾಡಿದ. ಮಠದ ತಾಮ್ರದ ಕೊಡಗಳಲ್ಲಿ ರಾತ್ರಿಯೆಲ್ಲ ಇಟ್ಟ ನೀರನ್ನು ಹೊತ್ತು ತಂದು ತುಂಬಿಸಿದ. ಹುಣಸೆಹಣ್ಣು ಹಚ್ಚಿ ಥಳಥಳ ತಿಕ್ಕಿದ ಹಿತ್ತಾಳೆಯ ಮಂಟಪವನ್ನು ನಡುವೆ ಮುಳುಗಿಸಿದ. ತಳಕ್ಕೆ ಬಣ್ಣದ ಮಣಿ, ಮೇಲೆ ತೇಲಲು ಚೆಂಡುಹೂವು. ಗಾಜಿಗೆ ಮೂರು ಬೆರಳಿನ ವಿಭೂತಿ ಎಳೆಯುವುದನ್ನೂ ಮರೆಯಲಿಲ್ಲ. ಕೊನೆಗೆ ಮೀನುಗಳನ್ನು ಬಿಟ್ಟ.

ಓಣಿಯ ಮಂದಿ ನೋಡಲು ಬಂದರು.

"ಗದ್ದಿಗೀನ ಮನಿಗೆ ಬಂದಂಗ ಆತು ನೋಡ್ರಿ!"

ಗುರುಸಿದ್ಧ ಬಾಗಿಲಲ್ಲಿ ನಿಂತು ಎಲ್ಲರ ಮಾತನ್ನೂ ಕೇಳಿಸಿಕೊಂಡ.

ಮರುದಿನ ಹೂವು ಬದಲಿಸಲು ಬಂದಾಗ ನೀಲವ್ವ ಮಲಗಿದ್ದಲ್ಲಿಂದಲೇ ಕೇಳಿದಳು.

"ಅಪ್ಪಾರ, ಮೀನ ಯಾಕೋ ಮ್ಯಾಲ ಬಂದು ಬಾಯಿ ಬಾಯಿ ಬಿಡಾಕತ್ತಾವ?"

"ಮಠದ ನೀರಲ್ರೀ ಅಕ್ಕಾರ. ನಾಮಸ್ಮರಣಿ ಮಾಡ್ತಾವ."

ಮೂರನೆಯ ದಿನ ಒಂದು ಮೀನು ಚೆಂಡುಹೂವಿನ ನಡುವೆ ಮಗ್ಗುಲಾಗಿ ತೇಲುತ್ತಿತ್ತು. ಇನ್ನೊಂದು ಮೂಲೆ ಹಿಡಿದಿತ್ತು.

ಗುರುಸಿದ್ಧ ಉಳಿದ ಮೀನನ್ನು ಅವಸರದಲ್ಲಿ ಬಕೆಟ್ಟಿಗೆ ಹಾಕಿದ. ಸತ್ತದ್ದನ್ನು ಎಲೆಯಲ್ಲಿ ಸುತ್ತಿಕೊಂಡು ಮಠಕ್ಕೆ ಓಡಿದ.

"ಅಜ್ಜಾರ, ಒಂದು ಸತ್ತೈತ್ರಿ."

"ಯಾವ ನೀರು ಹಾಕಿದ್ದಿ?"

"ತಾಮ್ರದ ಕೊಡದ್ದರಿ. ಅದಕ್ಕಿಂತ ಶುದ್ಧ ಯಾವುದೈತ್ರಿ?"

"ತಾಮ್ರದಾಗ ಮಜ್ಜಿಗಿ ಇಡ್ತೀಯೇನು?"

"ಇಲ್ರಿ. ಕಿಲುಬಾಗಿ ವಿಷ ಆಕ್ಕೈತಿ."

"ನೀರಾಗೂ ಒಂಚೂರು ಇಳೀತೈತಿ. ನೀ ಒಂದು ತಂಬಿಗಿ ಕುಡದು ಎದ್ದು ಹೋಗ್ತಿ, ನಿನಗೇನೂ ಆಗಂಗಿಲ್ಲ. ಮೀನ ಅದರಾಗ ಇರ್ತೈತಿ."

ಗುರುಸಿದ್ಧ ಎಲೆಯ ಪೊಟ್ಟಣ ಕೆಳಗಿಟ್ಟ.

ಅಜ್ಜ ಎದ್ದು ಗದ್ದಿಗೆಯ ಮೇಲಿನ ಹಾರಗಳನ್ನೆಲ್ಲ ತೆಗೆದರು. ಒಂದೊಂದಾಗಿ ಗುರುಸಿದ್ಧನ ಕೊರಳಿಗೆ ಹಾಕಿದರು. ಹಾರ ಎದೆ ಮುಚ್ಚಿತು, ಗದ್ದ ಮುಚ್ಚಿತು, ಮೂಗಿನ ತನಕ ಬಂತು. ತಲೆಗೆ ಬೆಳ್ಳಿಯ ಕಿರೀಟ ಇಟ್ಟರು. ಎದುರಿಗೆ ಲೋಬಾನದ ಹೊಗೆ ಹಾಕಿದರು. ಆಮೇಲೆ ಕೈಗೆ ರೊಟ್ಟಿ ಕೊಟ್ಟರು.

"ಉಣ್ಣು."

ಗುರುಸಿದ್ಧನಿಗೆ ಬಾಯಿ ಎಲ್ಲಿದೆ ಎಂದೇ ಸಿಗಲಿಲ್ಲ.

"ಅಜ್ಜಾರ, ಉಸಿರ ಕಟ್ಟತೈತ್ರಿ."

"ಕಟ್ಟಲಿ. ಭಾಳ ಛಲೋ ಕಾಣ್ತಿ."

ಹೊಗೆಗೆ ಅವನ ಕಣ್ಣಲ್ಲಿ ನೀರು ಬಂತು. ಹೊಗೆಗಷ್ಟೇ ಅಲ್ಲ. ನಾಮಸ್ಮರಣೆ ಎಂದು ತಾನೇ ಹೇಳಿದ ಮಾತು ನೆನಪಾಗಿ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಗಿತ್ತು.

ಅಜ್ಜ ಹಾರಗಳನ್ನು ಬಿಚ್ಚಿದರು.

"ಈಗ ಏನ ಮಾಡ್ಲಿರಿ?"

"ತೊಟ್ಟಿ ತೊಳಿ. ಬಾವಿ ನೀರು ತುಂಬು. ಹೊಳ್ಯಾಗಿನ ಉಸುಕು, ಹೊಳ್ಯಾಗಿನ ಜೊಂಡು ಹಾಕು. ಮೀನಿನ ಬಕೆಟ್ಟಿನ ನೀರು ದಿನಾ ಅರ್ಧ ಬದಲಿ ಮಾಡು. ತೆಗದ ನೀರಾಗ ಒಂದು ತಂಬಿಗಿ ತೊಟ್ಟಿಗೆ ಹಾಕು."

"ಹೊಲಸ ನೀರು ತೊಟ್ಟಿಗೇನ್ರಿ?"

"ಹೆಪ್ಪು ಹಾಕದ ಹಾಲು ಮಸರಾಗತೈತೇನು? ನೀರೂ ಹದಕ್ಕ ಬರಬೇಕು."

"ಹದಕ್ಕ ಬಂದದ್ದು ಹೆಂಗ ಗೊತ್ತಾಗತೈತ್ರಿ?"

"ಕುಂತು ನೋಡು."

ದೀಕ್ಷೆಯ ಮಾತನ್ನು ಅಜ್ಜ ಎತ್ತಲಿಲ್ಲ. ಎರಡು ಮೀನು ಎಂದು ಮಾತಾಗಿತ್ತು, ಒಂದು ಉಳಿದಿತ್ತು. ಕೇಳುವುದಕ್ಕೆ ಗುರುಸಿದ್ಧನಿಗೂ ಧೈರ್ಯವಾಗಲಿಲ್ಲ.

ಅವನು ಹೊಳೆಯ ಉಸುಕನ್ನು ಏಳು ನೀರಿನಲ್ಲಿ ತೊಳೆದು ಹಾಕಿದ. ಜೊಂಡು ನೆಟ್ಟ. ಬಾವಿಯ ನೀರು ತುಂಬಿದ. ನಿಂಗಬಸಪ್ಪ ತೊಟ್ಟಿಯ ಜೊತೆ ತಂದಿದ್ದ, ಗುಳ್ಳೆ ಬಿಡುವ ಮಷೀನನ್ನು ಹಚ್ಚಿದ. ಆಮೇಲೆ ಮಂಚದ ಪಕ್ಕ ಚಾಪೆ ಹಾಸಿಕೊಂಡು ಕುಳಿತ.

ಮೀನಿಲ್ಲದ ತೊಟ್ಟಿ. ಮಲಗಿ ನೋಡುವವಳೊಬ್ಬಳು, ಕುಳಿತು ನೋಡುವವನೊಬ್ಬ.

ಓಣಿಯ ಮಂದಿ ಇಣುಕಿ ನೋಡಿ ಹೋದರು. ಈ ಸಲ ಯಾರೂ ಹೊಗಳಲಿಲ್ಲ. "ಬರೀ ನೀರು ನೋಡ್ತಾ ಕುಂತಾನ" ಎಂದು ಒಬ್ಬ ಕಿಸಕ್ಕನೆ ನಕ್ಕದ್ದು ಒಳಗೂ ಕೇಳಿಸಿತು.

ವಾರಕ್ಕೆ ನೀರು ಗಂಜಿಯ ಹಾಗೆ ಬೆಳ್ಳಗಾಯಿತು. ಗುರುಸಿದ್ಧ ಗಾಬರಿಯಾಗಿ ಕೊಡ ಹಿಡಿದು ಎದ್ದ.

"ಕೆಟ್ಟೈತ್ರಿ ಅಕ್ಕಾರ. ಚೆಲ್ಲಿಬಿಡ್ತೀನಿ."

"ತಡೀರಿ ಅಪ್ಪಾರ. ದ್ವಾಸಿ ಹಿಟ್ಟೂ ಉಕ್ಕಿ ವಾಸನಿ ಬಂದಾಗ ಕೆಟ್ಟಂಗ ಕಾಣತೈತಿ. ನಾವು ಚೆಲ್ಲತೇವೇನು?"

ಅವನು ಕೊಡ ಕೆಳಗಿಟ್ಟ. ನಾಲ್ಕು ದಿನಕ್ಕೆ ನೀರು ತಾನೇ ತಿಳಿಯಾಯಿತು.

ಗಾಜಿನ ಒಳಮೈಗೆ ಹಸಿರು ಲೋಳೆ ಹಿಡಿಯಿತು. ತಿಕ್ಕುವುದಕ್ಕೆ ಗುರುಸಿದ್ಧನ ಕೈ ತುರಿಸಿತು. ನೀಲವ್ವನ ಕಡೆಯ ಗಾಜನ್ನಷ್ಟೇ ಒರೆಸಿ ಉಳಿದ ಮೂರು ಕಡೆ ಬಿಟ್ಟ. "ಮೀನಿಗೆ ಮೇಯಾಕ ಇರ್ಲಿ" ಎಂದಿದ್ದಳು ನೀಲವ್ವ.

ಈಗ ಅಲಂಕಾರದ ಸರದಿ. ಹೊಳೆಯಿಂದ ಒಂದೇ ಒಂದು ಕಲ್ಲು ತಂದ. ಎಲ್ಲಿಡಬೇಕು ಎಂದು ತಾನು ಗೊತ್ತು ಮಾಡಲಿಲ್ಲ.

"ಎಲ್ಲಿ ಇಡ್ಲಿರಿ ಅಕ್ಕಾರ?"

"ಸ್ವಲ್ಪ ಎಡಕ್ಕ... ಇನ್ನಾ ಸ್ವಲ್ಪ. ಹಾಂ, ಅಲ್ಲೇ. ಮೀನ ಅದರ ಹಿಂದ ಹೋಗಿ ಹೊರಗ ಬರಬೇಕು. ಎಲ್ಲಿ ಹೋತು ಅಂತ ನಾ ಕಾಯಬೇಕು."

ನಿಂಗಬಸಪ್ಪ ತನ್ನ ಹೊಲಿಗೆ ಅಂಗಡಿಯಲ್ಲಿ ಉಳಿದ ನೀಲಿ ಬಟ್ಟೆಯ ತುಂಡಿಗೆ ಅಂಚು ಹೊಲಿದು ತಂದ. ಅದನ್ನು ತೊಟ್ಟಿಯ ಹಿಂದೆ ಹೊರಗಡೆಯಿಂದ ಇಳಿಬಿಟ್ಟರು. ಆಪರೇಷನ್ ಆದ ಮೇಲೆ ಗಂಡ ಹೆಂಡತಿ ಮದ್ದು ಮಾತ್ರೆ ಬಿಟ್ಟು ಬೇರೆ ವಿಷಯಕ್ಕೆ ಜಗಳ ಆಡಿದ್ದು ಅವತ್ತೇ. ಬಟ್ಟೆ ಮೇಲಾಯಿತು ಎಂದು ಅವಳು, ಸರಿಯಾಗಿದೆ ಎಂದು ಅವನು. ಗುರುಸಿದ್ಧನಿಗೆ ಅದು ಯಾಕೋ ಬಹಳ ಖುಷಿ ಕೊಟ್ಟಿತು.

ಹುಣ್ಣಿಮೆಗೆ ಮೂರು ದಿನ ಇತ್ತು. ದೀಕ್ಷೆಯ ಮಾತು ಹೇಗೋ ನಿಂಗಬಸಪ್ಪನ ಕಿವಿಗೂ ಬಿದ್ದಿತ್ತು, ಅವನನ್ನು ಹಿತ್ತಲಿಗೆ ಕರೆದ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ಒಂದು ಮೀನು. ಸತ್ತದ್ದರದೇ ಬಣ್ಣ, ಅಷ್ಟೇ ಉದ್ದದ ಬಾಲ.

"ಪ್ಯಾಟ್ಯಾಗ ಹುಡುಕಿ ತಂದೀನ್ರಿ ಅಪ್ಪಾರ. ನಮ್ಮ ಸಲುವಾಗಿ ನಿಮ್ಮ ದೀಕ್ಷಾ ಯಾಕ ತಪ್ಪಬೇಕು? ಎರಡ ಮೀನಂದ್ರ ಎರಡ ಮೀನ. ಅಜ್ಜಾರು ಗುರುತ ಹಿಡದು ನೋಡ್ತಾರೇನು?"

ಗುರುಸಿದ್ಧ ಚೀಲ ಕೈಗೆ ತೆಗೆದುಕೊಂಡ. ತೆಗೆದುಕೊಂಡ ಎಂಬುದನ್ನೂ ಹೇಳಿಬಿಡಬೇಕು. ಬಹಳ ಹೊತ್ತು ಹಿಡಿದುಕೊಂಡೇ ನಿಂತ. ಚೀಲದ ಮೀನು ಬಾಯಿ ಬಾಯಿ ಬಿಡುತ್ತಿತ್ತು.

"ನೀರು ಈಗಷ್ಟ ಹದಕ್ಕ ಬರಾಕತ್ತೈತ್ರಿ. ಎರಡೂ ಒಮ್ಮೆಲೆ ಬಿಟ್ರ ತಾಳಂಗಿಲ್ಲ. ಇದನ್ನ ಅಂಗಡ್ಯಾಗ ಕೊಟ್ಟ ಬರ್ರಿ."

"ಮತ್ತ ದೀಕ್ಷಾ?"

"ಅದು ಹೋತ್ರಿ."

ಚೀಲವನ್ನು ನಿಂಗಬಸಪ್ಪನ ಕೈಗೆ ತಿರುಗಿ ಕೊಟ್ಟ. ಏಳು ವರ್ಷವೆಂದರೆ ಹುಡುಗಾಟವಲ್ಲ. ಆದರೂ ಒಳಗೆ ಬಂದು ಚಾಪೆಯ ಮೇಲೆ ಕುಳಿತ.

ಹುಣ್ಣಿಮೆಯ ಬೆಳಿಗ್ಗೆ ಮೀನನ್ನು ತೊಟ್ಟಿಗೆ ಬಿಡಲು ನಿಂತ. ಬಕೆಟ್ಟಿನ ಮೀನನ್ನು ಹಾಕಿಕೊಂಡ ಬೋಗುಣಿಯನ್ನು ತೊಟ್ಟಿಯಲ್ಲಿ ತೇಲಿಬಿಟ್ಟು, ತೊಟ್ಟಿಯ ನೀರನ್ನು ಬೊಗಸೆ ಬೊಗಸೆ ಅದಕ್ಕೆ ಬೆರೆಸುತ್ತಿದ್ದ. ಹೊಸ ನೀರಿಗೆ ಮೀನು ಮೆಲ್ಲಗೆ ಹೊಂದಿಕೊಳ್ಳಬೇಕಲ್ಲ. ನೀಲವ್ವ ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

ಅಷ್ಟರಲ್ಲಿ ಅಜ್ಜ ಒಳಗೆ ಬಂದರು.

ನಿಂಗಬಸಪ್ಪ ಗಡಬಡಿಸಿ ಎದ್ದು ಅವರ ಕಾಲಿಗೆ ಬಿದ್ದ. ಅಜ್ಜ ನೇರವಾಗಿ ಬಂದು ಮಂಚಕ್ಕೂ ತೊಟ್ಟಿಗೂ ನಡುವೆ ನಿಂತರು.

"ಗುರುಸಿದ್ಧಾ."

"ಅಜ್ಜಾರ." ಅವನ ಕಣ್ಣು ಬೋಗುಣಿಯ ಮೇಲಿತ್ತು.

"ಇವತ್ತ ಹುಣ್ಣಿಮಿ."

"ಹೌದ್ರಿ."

"ಎರಡು ಮೀನ ಅಂತ ಮಾತಾಗಿತ್ತು. ಒಂದ ಐತಿ."

"ಹೌದ್ರಿ. ಒಂದನ್ನ ನಾನ ಕೊಂದೆ."

"ಮತ್ತೇನರ ಹೇಳೂದೈತೇನು?"

"ಐತ್ರಿ."

ಅಜ್ಜ ಕಾದರು. ಗುರುಸಿದ್ಧ ಬೋಗುಣಿಯನ್ನು ಮೆಲ್ಲಗೆ ವಾಲಿಸಿದ. ಮೀನು ಜಾರಿ ನೀರಿಗೆ ಇಳಿಯಿತು.

"ಸ್ವಲ್ಪ ಆ ಕಡೆ ಸರೀರಿ ಅಜ್ಜಾರ. ನೀವು ಅಡ್ಡ ನಿಂತೀರಿ. ನೀಲವ್ವಾರಿಗೆ ಮೀನ ಕಾಣವಲ್ದು."

ನಿಂಗಬಸಪ್ಪ ನಾಲಿಗೆ ಕಚ್ಚಿಕೊಂಡ. ಆ ಊರಲ್ಲಿ ಅಜ್ಜನಿಗೆ ಸರಿಯಿರಿ ಎಂದವರು ಯಾರೂ ಇರಲಿಲ್ಲ.

ಅಜ್ಜ ಸರಿದರು.

ಮೀನು ಕಲ್ಲಿನ ಹಿಂದೆ ಹೋಯಿತು. ಎಲ್ಲರೂ ಕಾದರು. ಆಚೆ ಕಡೆಯಿಂದ ಬಾಲ ಬೀಸುತ್ತ ಹೊರಗೆ ಬಂತು. ನೀಲವ್ವ ನಕ್ಕಳು. ಬೆನ್ನು ನೋಯುತ್ತದೆ ಎಂದು ಹೊಟ್ಟೆ ಹಿಡಿದುಕೊಂಡು ಮತ್ತೆ ನಕ್ಕಳು.

ಅಜ್ಜ ಚಾಪೆಯ ಮೇಲೆ ಗುರುಸಿದ್ಧನ ಪಕ್ಕ ಕುಳಿತರು. ಸ್ವಲ್ಪ ಹೊತ್ತು ತಾವೂ ಮೀನು ನೋಡಿದರು. ಆಮೇಲೆ ಅವನ ಹೆಗಲು ಮುಟ್ಟಿದರು.

"ಇಷ್ಟ ವರ್ಷ ನನ್ನ ಕಾಲ ಹಿಡದಿ. ಇವತ್ತ ಸರೀರಿ ಅಂದಿ. ಬಾ, ಕಿವಿ ಇತ್ತ ತಾ."